ಮಂಕು ಪರದೆ

ಇವತ್ತು ಮೂರೂಮುಕ್ಕಾಲಿಗೇ ಕತ್ತಲು.
ಟೇ ನದಿಯ ಮೇಲೆ ಉಳಿದಿದ್ದ ಬೆಳಕನ್ನು
ಯಾರೋ ಮಡಚಿ ಒಳಗಿಟ್ಟಂತೆ.
ಡಂಡೀಯ ಪೇಟೆಬೀದಿಯಲ್ಲಿ
ಕಣ್ಣು ಕಿರಿದು ಮಾಡಿಕೊಂಡು ನಡೆದೆ.
ದೀಪ ಕಂಡರೆ ಆಗದು ಈಗೀಗ.

ನನ್ನ ಕೆಲಸ ಇಷ್ಟೇ:
ತಿಮಿಂಗಿಲದ ಬೇಟೆಗೆ ಹೋದ ಹಡಗುಗಳ ದಿನಚರಿಯನ್ನು
ಪರದೆಯ ಮೇಲೆ ಹಿಗ್ಗಿಸಿ
ಅಕ್ಷರಕ್ಕಕ್ಷರ ಬೆರಳಚ್ಚು ಮಾಡುವುದು.
ನೂರೈವತ್ತು ವರ್ಷದ ಶಾಯಿ,
ಅಲೆಗೆ ಅಲುಗಿದ ಕೈಬರಹ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತೇನೆ
ಅಂತ ತಮಾಷೆಗೆ ಹೇಳುತ್ತಿದ್ದೆ.
ಈಗ ನಿಜಕ್ಕೂ ಬಿಟ್ಟುಕೊಳ್ಳುತ್ತೇನೆ,
ಎರಡೆರಡು ಹನಿ, ದಿನಕ್ಕೆ ನಾಲ್ಕು ಸಲ.

"ಎವೆ ಇಕ್ಕುವುದನ್ನೇ ಮರೆತಿದ್ದೀರಿ"
ಎಂದರು ಕಣ್ಣು ನೋಡಿದ ಮಿಸೆಸ್ ಗಿಲ್‌ಕ್ರಿಸ್ಟ್.
ಎವೆಯಿಕ್ಕದವರು ದೇವತೆಗಳು ಮಾತ್ರ
ಅಂತ ಪುರಾಣದಲ್ಲಿ ಕೇಳಿದ್ದೆ.
ಅವರಿಗೇನು, ದಿನಕ್ಕೆ ಒಂಬತ್ತು ಗಂಟೆ
ಲ್ಯಾಪ್‌ಟಾಪ್ ಇರಲಿಲ್ಲ.

ಅಂಗಡಿಯಲ್ಲಿ ಸಾಲಾಗಿ ಹನ್ನೊಂದು,
ಎಲ್ಲದರಲ್ಲೂ ಒಂದೇ ಗಿಳಿ,
ಒಂದೇ ಕೆಂಪು, ಒಂದೇ ಹಸಿರು,
ಪ್ರಾಣ ಹೋದರೂ ರೆಕ್ಕೆ ಮುಚ್ಚುವುದಿಲ್ಲ.
ರೂರಿ ಅಂತ ಹುಡುಗ, ಕಿವಿಯಲ್ಲಿ ಬೆಳ್ಳಿಗುಂಡು,
"ಇದರ ಕಪ್ಪು ನೋಡಿ, ಅಪ್ಪಟ ಕಪ್ಪು" ಅಂದ.
ನೋಡಿದೆ. ಬಾವಿಯಷ್ಟು ಕಪ್ಪು.
ಬಾವಿಗೆ ಇಣುಕಿದ ಹಾಗೆಯೇ
ಅದರೊಳಗೆ ನನ್ನ ತಲೆ, ಹಿಂದೆ ಆರು ಟ್ಯೂಬ್‌ಲೈಟು,
ಇನ್ನೂ ಹಿಂದೆ ರೂರಿ, ಆಕಳಿಸುತ್ತ.

ಕನ್ನಡಿ ಕೊಳ್ಳಲು ಬಂದವಳಲ್ಲ ನಾನು,
ಕನ್ನಡಕ ಸಾಲದೆ ಬಂದವಳು.

ಬೆಳಕನ್ನು ಕಾಲುಭಾಗಕ್ಕೆ ತಗ್ಗಿಸಿ
ಪರದೆಯ ಮುಂದೆ ಪೆನ್ಸಿಲ್ ಹಿಡಿದು
ಬೇಗ ಬೇಗ ಆಡಿಸಿದೆ.
ಒಂದು ಪೆನ್ಸಿಲು ಏಳಾಯಿತು, ಎಂಟಾಯಿತು,
ಬಿಡಿಬಿಡಿಯಾಗಿ, ಬೇಲಿಯ ಗೂಟಗಳಂತೆ.
"ನೋಡಪ್ಪ, ಬೆಳಗುತ್ತಿಲ್ಲ ಇದು,
ಹತ್ತಿ ಆರಿ, ಹತ್ತಿ ಆರಿ ನಂಬಿಸುತ್ತಿದೆ."
ರೂರಿ ತಾನೂ ಆಡಿಸಿದ. ಎರಡು ಸಲ.
ಆಮೇಲೆ ನನ್ನ ಪೆನ್ಸಿಲ್ ಇಸಕೊಂಡು
ಹನ್ನೊಂದು ಗಿಳಿಗಳ ಮುಂದೆಯೂ
ದೃಷ್ಟಿ ತೆಗೆಯುವವನಂತೆ ಓಡಾಡಿದ.

ಮೂಲೆಯಲ್ಲಿ, ಪ್ರಿಂಟರುಗಳ ಪಕ್ಕ,
ಹೋದ ವರ್ಷದ್ದೊಂದು.
ಬೆಲೆಚೀಟಿಯ ಮೇಲೆ ಎರಡು ಕೆಂಪು ಗೀಟು.
"ಅದು ಸ್ವಲ್ಪ ಮಂಕು" ಅಂದ,
ನೆಂಟಸ್ತಿಕೆ ಕುದುರಿಸುವಾಗ
ವರನ ಕಿವುಡನ್ನು ಮೊದಲೇ ಹೇಳಿಬಿಡುವವನ ಹಾಗೆ.
ಪೆನ್ಸಿಲ್ ಆಡಿಸಿದೆ. ಗೂಟಗಳಿಲ್ಲ,
ಮೆತ್ತಗೆ ಒಂದೇ ಬೀಸಣಿಗೆ.
ಕನ್ನಡದ ಪುಟ ತೆರೆದೆ, ಸಣ್ಣಕ್ಷರದಲ್ಲಿ.
ಹೊಟ್ಟೆ ಸೀಳಿದ ಷ, ಕಾಲು ಸೀಳಿದ ಫ
ತಂತಮ್ಮ ಗಾಯದೊಂದಿಗೆ ಬೇರೆ ಬೇರೆ ನಿಂತಿದ್ದವು.
ಒತ್ತಕ್ಷರಗಳು ಕಾಲಬಳಿ ಕೂತ ಬೆಕ್ಕಿನ ಮರಿಗಳು,
ಒಂದೂ ಕಳೆದಿರಲಿಲ್ಲ.
ಕಟ್ಟಿಕೊಡಪ್ಪ, ಅಂದೆ.

ರಾತ್ರಿ, ಎಲ್ಸ್‌ಪೆತ್ ಹಡಗಿನ ದಿನಚರಿ, ಮೇ ಹತ್ತೊಂಬತ್ತು:
ಹಿಮದ ಬೆಳಕಿಗೆ ಪೆಟ್ರಿಯ ಕಣ್ಣು ಹೋಗಿದೆ.
ಬಟ್ಟೆ ಕಟ್ಟಿ ಕೆಳಗಿನ ಕತ್ತಲಲ್ಲಿ ಮಲಗಿಸಿದೆವು.
ಆ ಸಾಲಿನ ಕೊನೆಗೊಂದು ಚುಕ್ಕೆ.
ಹಳೆಯ ಪರದೆಯ ಹೊಳಪಿನಲ್ಲಿ ಅದನ್ನು
ಧೂಳೆಂದು ಎಷ್ಟು ಸಲ ತೋಳಿನಿಂದ ಒರೆಸಿದ್ದೆನೋ.
ಧೂಳಲ್ಲ.
ಬರೆಯುವವನು ಲೇಖನಿ ಊರಿ
ತುಸು ಹೊತ್ತು ಸುಮ್ಮನಿದ್ದ ಗುರುತು.
ಅದನ್ನು ಹೇಗೆ ಬೆರಳಚ್ಚು ಮಾಡುವುದು?
ಶಾಯಿ ಹನಿ, ಎಂದು ಬರೆದೆ, ಅಳಿಸಿದೆ,
ಮತ್ತೆ ಬರೆದೆ.

ಅಷ್ಟರಲ್ಲಿ ಪರದೆ ತಾನೇ ಆರಿತು.
ಹಳೆಯದರಲ್ಲಾದರೆ ಆಗ ನನ್ನ ಮುಖ ಬರುತ್ತಿತ್ತು,
ಕೂದಲು ಕೆದರಿಕೊಂಡು,
ಇನ್ನೂ ಮಲಗಲಿಲ್ಲವೆ ಎನ್ನುವಂತೆ.
ಇದರಲ್ಲಿ ಯಾರೂ ಬರಲಿಲ್ಲ.
ಬೂದಿಬಣ್ಣದ ಬಯಲು, ಅಷ್ಟೆ.

ಅದನ್ನೇ ನೋಡುತ್ತ ಕೂತೆ.
ಎವೆ ಇಕ್ಕಿದೆ. ಇನ್ನೊಮ್ಮೆ.
ಎಣಿಸಿದೆ ಕೂಡ.