ದುರುಗಪ್ಪನ ಕಂಡಿಕೆ

ದಾವಣಗೆರೆ ಕೋರ್ಟಿನ ಹಿಂಬದಿ, ರೆಕಾರ್ಡ್ ರೂಮಿಗೆ ಅಂಟಿಕೊಂಡು
ಒಂದೇ ಕಿಟಕಿಯ ಗ್ರಂಥಾಲಯ.
ಕೆಲಸಕ್ಕೆ ಸೇರಿದ ದಿನ ಮೊದಲು ಬಡಿದದ್ದು ವಾಸನೆ:
ಬೆಂದ ಮೈದಾ, ಮೈಲುತುತ್ತ,
ಮಂಡಕ್ಕಿ ಭಟ್ಟಿ ಕಡೆಯಿಂದ ಬಂದ ಹೊಟ್ಟಿನ ಹೊಗೆ.
ಅಂಟು ಕಾಸುತ್ತ ಕೂತಿದ್ದ ದಫ್ತರಿ ದುರುಗಪ್ಪ,
ಹಣೆ ತುಂಬ ದುಗ್ಗಮ್ಮನ ಭಂಡಾರ.

ದಿಲ್ಲಿಯಲ್ಲಿ ಮಾತು ಬದಲಾದರೆ
ಇಲ್ಲಿಗೊಂದು ಚೀಟಿ ಬರುತ್ತಿತ್ತು.
ಅಳತೆ ನೋಡಿ ಕತ್ತರಿಸಿ, ಹಳೆ ಸಾಲಿನ ಮೇಲೆ ಹೊಸ ಸಾಲು ಅಂಟಿಸಿ,
ಹೆಬ್ಬೆರಳಲ್ಲಿ ಒತ್ತಿ, ಮೇಲೊಂದು ಇಟ್ಟಿಗೆ ಹೇರುವುದು ಅವನ ನೌಕರಿ.
ಚೀಟಿ ತಿಂದು ತಿಂದು ಸಂವಿಧಾನ
ತುಂಬು ಬಸುರಿಯಂತೆ ಕೂತಿತ್ತು ಬೀರುವಿನಲ್ಲಿ.

"ಒಂದ್ಸಲ, ತುರ್ತು ಪರಿಸ್ಥಿತಿ ಕಾಲದಾಗ,
ಪುಟಕ್ಕಿಂತ ಉದ್ದನ್ನ ಚೀಟಿ ಬಂತು ಮೇಡಮ್ಮೋರೆ.
ನಮ್ಮಪ್ಪ ಮಡಚಿ ಮಡಚಿ ಅಂಟಿಸಿದ.
ಎರಡು ವರ್ಷಕ್ಕ ಅರ್ಧ ಕೀಳು ಅಂದ್ರು.
ಹಸಿ ಬಟ್ಟಿ ಹಾಕಿ ರಾತ್ರಿಯೆಲ್ಲಾ ಬಿಡಿಸಿದ.
ಆ ಪುಟ ಇವತ್ತಿಗೂ ತೆಳ್ಳಗೈತಿ, ಮುಟ್ಟಿ ನೋಡ್ರಿ."
ಮುಟ್ಟಿದೆ. ಬೆರಳಿನ ನೆರಳು ಆಚೆ ಬದಿಗೆ ಕಂಡಿತು.

ಆಯುಧಪೂಜೆಯ ದಿನ ಶಿರಸ್ತೇದಾರ್ ಪಂಚಾಕ್ಷರಪ್ಪ
ಮೊಹರಿಗೆ, ಕಂಪ್ಯೂಟರಿಗೆ, ಬೀರುವಿಗೆ, ಅಮೀನರ ಸೈಕಲ್ಲಿಗೆ
ವಿಭೂತಿ ಎಳೆಯುತ್ತ ಬಂದರು.
ದುರುಗಪ್ಪ ಆಗಲೇ ತನ್ನ ಕತ್ತಿಗೆ, ದಬ್ಬಳಕ್ಕೆ ಭಂಡಾರ ಹಚ್ಚಿ
ಕಾಯಿ ಒಡೆದು ಗಲ್ಲ ಬಡಕೊಂಡಿದ್ದ.
ಅವರ ಬೆರಳು ಆ ಪುಸ್ತಕದತ್ತ ಚಾಚಿದಾಗ ಮಾತ್ರ
ಕೈ ಅಡ್ಡ ಹಿಡಿದ.
"ಇದಕ್ಕ ಬ್ಯಾಡ್ರಿ ಸಾರ್.
ಇವತ್ತು ನಮ್ಮವ್ವನ ಭಂಡಾರ ಬಿದ್ರ
ನಾಳೆ ಉರುಸಿನ ಸಕ್ಕರಿ ಬೀಳ್ಬೇಕು,
ನಾಡದ್ದು ಇಗರ್ಜಿ ಮೇಣ.
ಆಮೇಲೆ ಬರೋದು ಇರುವಿ.
ಇರುವಿಗೆ ಓದಾಕ ಬರಂಗಿಲ್ಲ."

ಶಿರಸ್ತೇದಾರರು ನಗಲಿಲ್ಲ.
ಚಹಾ ಹೀರುತ್ತಿದ್ದ ವಕೀಲ ಹಾಲಸ್ವಾಮಿ ನಕ್ಕರು.
ಪೀಠಿಕೆಯ ಪುಟ ತೆರೆದು
'ಜಾತ್ಯತೀತ'ದ ಅಂಚಿಗೆ ಉಗುರು ಹಾಕಿದರು.
"ನಿಮ್ಮಪ್ಪ ಅಂಟಿಸಿದ್ದೇ ತಾನೆ ಇದು? ಅದೇ ಉದ್ದ ಚೀಟಿಯ ತುಂಡು.
ಹುಟ್ಟಿದಾಗ ಇಲ್ಲದ್ದನ್ನ ಕಿತ್ತರೆ ತಪ್ಪೇನು?"

ನನಗೆ ಉತ್ತರ ಹೊಳೆಯಲಿಲ್ಲ. ಆಡಿದ ಮಾತು ಸುಳ್ಳಲ್ಲ.

ದುರುಗಪ್ಪ ಪುಸ್ತಕ ಬೋರಲು ಹಾಕಿ
ಎರಡು ಕಂತೆಗಳ ನಡುವೆ ಬೆನ್ನು ಅಗಲಿಸಿ
ಒಳಗಿನ ದಾರ ತೋರಿಸಿದ.
"ಚೀಟಿ ಕೀಳ್ರಿ, ಮಾತು ಹೋಗ್ತತಿ.
ಆದ್ರ ಆ ಮಾತಿಗಿಂತ ಮುಂಚೆನ ಇದು ಇತ್ತು.
ನಿನ್ನ ದೇವ್ರು ಯಾವುದು ಅಂತ ಕೇಳದಂಗ
ಎಲ್ಲಾ ಪುಟಾನೂ ಹಿಡಕಂಡೈತಿ.
ಪುಟ ತಿದ್ದಾಕ ಚೀಟಿ ಬರ್ತಾವ.
ದಾರ ಹರದ್ರ ಅದಕ್ಕ ತಿದ್ದುಪಡಿ ಅನ್ನಲ್ಲ ಸಾರ್,
ರದ್ದಿ ಅಂತಾರ. ಕಿಲೋಕ್ಕ ಇಷ್ಟು ಅಂತ."

"ದಾರಕ್ಕೂ ವಯಸ್ಸಾಗುತ್ತಲ್ಲ ದುರುಗಪ್ಪ?"
"ಆಗ್ತತ್ರಿ," ಅಂದ. ಅಷ್ಟೇ.
ಬೆವರಿಗೆ ಭಂಡಾರ ಹುಬ್ಬಿಗಿಳಿದಿತ್ತು.

ನಿವೃತ್ತನಾದ ದಿನ ನನ್ನ ಮೇಜಿನ ಮೇಲಿಟ್ಟು ಹೋದದ್ದು
ದಬ್ಬಳ, ಮೇಣದ ತುಂಡು, ಒಂದು ಕಂಡಿಕೆ:
ಕಾಟನ್ ಮಿಲ್ಲಿಗೆ ಬೀಗ ಬೀಳುವ ಹಿಂದಿನ ವಾರ
ಅವನ ಮಾವ ಪಂಚೆಯಲ್ಲಿ ಮುಚ್ಚಿ ತಂದ ನೂಲು.
"ಮೂವತ್ತು ವರ್ಷಕ್ಕ ಒಮ್ಮೆ ಯಾರಾರ ಮತ್ತ ಹೊಲೀಬೇಕು.
ಹಳೇ ತೂತಿನಾಗ. ಹೊಸಾ ತೂತು ಹೊಡೀಬಾರ್ದು."

ಈಗ ಚೀಟಿಗಳು ಪರದೆಗೆ ಬರುತ್ತವೆ. ಅಂಟು ಕಾಸುವವರಿಲ್ಲ.
ಹೋದ ಭಾನುವಾರ ಹಳೆ ಗೆಜೆಟ್ಟುಗಳನ್ನು ಹರವಿಕೊಂಡು
ಹೊಲಿಗೆ ಕಲಿಯಲು ಕೂತೆ.
ದಬ್ಬಳ ಹೆಬ್ಬೆರಳಿಗೆ ಹೊಕ್ಕು ಒಂದು ಗೇಣು ದಾರ ಕೆಂಪಾಯಿತು,
ಆ ಗೇಣನ್ನೂ ಕತ್ತರಿಸಿ ಬಿಸಾಡಲಿಲ್ಲ.
ಕಂಡಿಕೆಯಲ್ಲಿ ಇನ್ನೆಷ್ಟು ಉಳಿದಿದೆಯೋ
ಬಿಚ್ಚಿ ಅಳೆಯಲು ಧೈರ್ಯವಾಗಿಲ್ಲ.