ಬಾಕಿ

ಕೊನೆಯ ಟ್ರಿಪ್ಪು ಮುಗಿಸಿ, ವಾಮಂಜೂರಿನಲ್ಲಿ ಬಸ್ಸು ಬಿಟ್ಟು
ಮನೆಗೆ ಬರುವಾಗ ಹತ್ತು ದಾಟಿರುತ್ತದೆ.
ಚಪ್ಪಲಿ ಕಳಚಿದರೂ ಕಾಲಡಿಯ ನೆಲ
ಸ್ವಲ್ಪ ಹೊತ್ತು ನಂತೂರಿನ ತಿರುವಿನಲ್ಲೇ ಇರುತ್ತದೆ.

ಯಶ್ವಿತಾ ಇನ್ನೂ ಎದ್ದೇ ಇದ್ದಾಳೆ.
ಚಾಪೆಯ ಮೇಲೆ ಗಣಿತದ ಪುಸ್ತಕ.
ಹದಿನೈದು ಭಾಗಾಕಾರದಲ್ಲಿ ಒಂಬತ್ತು ಆಗಿದೆ,
ಹತ್ತನೆಯದರ ಮೇಲೆ ರಬ್ಬರು ಓಡಾಡಿ ಓಡಾಡಿ
ಕಾಗದ ತೆಳ್ಳಗಾಗಿ ಆಚೆ ಪುಟದ ಅಂಕೆ ಕಾಣುತ್ತದೆ.

"ನೀವೇ ಮಾಡಿ ಕೊಡಿ ಅಪ್ಪ. ನಿಮಗೆ ಎಂತ,
ಬಾಯಲ್ಲೇ ಬರ್ತದಲ್ಲ ಲೆಕ್ಕ."

ಬರ್ತದೆ, ಸುಳ್ಳಲ್ಲ.
ಬೆಂದೂರುವೆಲ್ಲಿನಲ್ಲಿ ಮೂರು ಫುಲ್ಲು, ಒಂದು ಹಾಫು,
ಇನ್ನೂರರ ನೋಟು, ಇಳಿಯುವವರ ಅವಸರ.
ಒಂದು ಕೈ ಸರಳಿನಲ್ಲಿ, ಬಾಕಿ ಚಿಲ್ಲರೆ ಇನ್ನೊಂದರಲ್ಲಿ.
ಹದಿನೆಂಟು ವರ್ಷದಲ್ಲಿ ತಪ್ಪಿದ್ದು ಕಡಿಮೆ.

ಆಟಿ ತಿಂಗಳಲ್ಲಿ ಒಮ್ಮೆ ಮಾಡಿ ಕೊಟ್ಟಿದ್ದೆ.
ಜಡಿಮಳೆ, ಅವಳಿಗೆ ಶೀತ, ಕಣ್ಣು ತೂಗುತ್ತಿತ್ತು.
ನಾಳೆ ಬೈಗುಳ ಯಾಕೆ ಪಾಪ ಎಂದು
ಕಿವಿಯ ಮೇಲಿನ ಪೆನ್ನು ತೆಗೆದು
ಐದೇ ನಿಮಿಷದಲ್ಲಿ ಹತ್ತೂ ಮುಗಿಸಿದೆ;
ಮಗುವಿನದ್ದರ ಹಾಗೆ ಕಾಣಲಿ ಎಂದು
ಅಂಕೆಗಳನ್ನು ಸ್ವಲ್ಪ ಓರೆ ಮಾಡಿದೆ.
ಬೆನೆಡಿಕ್ಟಾ ಟೀಚರು ಕೆಂಪು ಶಾಯಿಯಲ್ಲಿ ಬರೆದರು:
"ಉತ್ತರ ಸರಿ. ಅಕ್ಷರ ಯಾರದ್ದು?"
ಬೋರ್ಡಿನ ಎದುರು ಚಾಕು ಹಿಡಿದು
ಇವಳು ಸುಮ್ಮನೆ ನಿಂತದ್ದು ಆಮೇಲೆ ಗೊತ್ತಾಯಿತು,
ನಿದ್ದೆಯಲ್ಲಿ ಸ್ಟಾಪು ದಾಟಿ
ಗೊತ್ತಿಲ್ಲದ ಕಡೆ ಇಳಿದವರ ಹಾಗೆ.

ಇವತ್ತು ಮಾಡಿ ಕೊಡಲಿಲ್ಲ. ಉಪದೇಶವನ್ನೂ ಕೊಡಲಿಲ್ಲ.
ಕಲಿತರೆ ಹಾಗಾಗ್ತಿ ಹೀಗಾಗ್ತಿ ಎಂಬುದೆಲ್ಲ
ಬಸ್ಸಿನ ಹಿಂದೆ ಬರೆಸಿದ ಮಾತು,
ಅದನ್ನು ಓದುವವರು ಹೊಗೆ ಕುಡಿಯಬೇಕು.
ಚೀಲ ಮಗುಚಿ ಚಾಪೆಯ ಇನ್ನೊಂದು ತುದಿಯಲ್ಲಿ ಕೂತೆ.
"ನನಗೂ ಉಂಟು ಹೋಮ್‌ವರ್ಕು ಮಾರಾಯ್ತಿ,
ಬೆಳಿಗ್ಗೆ ಐದೂವರೆಗೆ ಯಜಮಾನರಿಗೆ ತೋರಿಸಬೇಕು."

ಟಿಕೇಟು ಮಿಷನ್ನು ಮಧ್ಯಾಹ್ನವೇ ಕೆಟ್ಟಿತ್ತು,
ಹಳೆಯ ಪುಸ್ತಕದ ಟಿಕೇಟು ಹರಿದು ಹೆಬ್ಬೆರಳು ಉರಿಯುತ್ತಿತ್ತು.
ಐದರ ಅಟ್ಟಿ, ಹತ್ತರ ಅಟ್ಟಿ,
ಮೀನು ನಾರುವ ನೋಟು, ಮಲ್ಲಿಗೆ ನೀರು ತಾಗಿದ ನೋಟು.
ಕೂಡಿಸಿದೆ: ನೂರು ರೂಪಾಯಿ ಕಮ್ಮಿ.
ಮತ್ತೆ ಕೂಡಿಸಿದೆ. ಮತ್ತೂ ನೂರು ಕಮ್ಮಿ.
ಕಮ್ಮಿ ಬಿದ್ದರೆ ನನ್ನ ಸಂಬಳಕ್ಕೆ ಕತ್ತರಿ.

ಆ ಕಡೆ ಅವಳು ಐವತ್ತೆರಡು ಜನರನ್ನು
ಏಳೇಳರ ಸಾಲಿನಲ್ಲಿ ಕೂರಿಸುತ್ತಿದ್ದಳು.
ಎಂಟು ಸಾಲು ತುಂಬುವುದಿಲ್ಲ.
ಏಳು ಸಾಲು, ಮೂವರು ನಿಂತೇ ಹೋಗಬೇಕು.
ಮುಂದಿನ ಅಂಕೆ ಕೆಳಗೆ ಇಳಿಸಿದೆಯಾ ಎಂದು
ಕೇಳಲಿಕ್ಕೆ ನಾಲಿಗೆ ತುರಿಸಿತು. ಕೇಳಲಿಲ್ಲ.
"ಗಂಜಿ ತಣಿಯಿತು" ಎಂದಳು ಜಲಜಾಕ್ಷಿ ಒಳಗಿನಿಂದ.
ಇಬ್ಬರೂ ತಲೆ ಎತ್ತಲಿಲ್ಲ.

ಹದಿಮೂರನೆಯದು ಮುಗಿಸಿ ನನ್ನ ಕಾಗದ ಎಳೆದಳು.
ಪೆನ್ಸಿಲಿನ ತುದಿ ಸಾಲು ಸಾಲಾಗಿ ಇಳಿಯಿತು,
ತುಟಿ ಅಲುಗಿತು.
"ಅಪ್ಪ, ಕೈಯಲ್ಲಿ ಒಂದು ಉಂಟಲ್ಲ,
ಅದನ್ನು ನೂರರ ಮನೆಗೆ ಸೇರಿಸಲೇ ಇಲ್ಲ ನೀವು."

ನೋಡಿದೆ. ಹೌದು.
ಎರಡು ಸಲವೂ ಅದೇ ಜಾಗದಲ್ಲಿ ಮರೆತದ್ದು.
ಬಾಯಲ್ಲಿ ಬರುವ ಲೆಕ್ಕಕ್ಕೆ
ಕೈಯಲ್ಲಿರುವುದು ಕಾಣಲಿಲ್ಲ.

ಕೆಂಪು ಪೆನ್ಸಿಲು ಹುಡುಕಿ
ಮೊತ್ತದ ಪಕ್ಕ ದೊಡ್ಡದೊಂದು ರೈಟು ಹಾಕಿದಳು.
ಕೆಳಗೆ, ಟೀಚರ ಹಾಗೆಯೇ, ಒತ್ತು ಮಾತ್ರ ಬಿಟ್ಟು:
"ಗಮನವಿಟು ಮಾಡಿ."

"ನಿನ್ನದು ಇನ್ನೆಷ್ಟು ಬಾಕಿ?"
"ಎರಡು."
ಬಸ್ಸಿನ ಬಾಗಿಲಿಗೆ ಬಡಿಯುವ ಹಾಗೆ
ನೆಲಕ್ಕೆ ಎರಡು ಸಲ ತಟ್ಟಿದೆ.
"ರೈಟ್, ಪೋಯಿ."

ಬೆಳಿಗ್ಗೆ ಯಜಮಾನರು ಮೊಬೈಲಿನ ಬೆಳಕಲ್ಲಿ
ಕಾಗದ ತಿರುಗಿಸಿ ತಿರುಗಿಸಿ ನೋಡಿದರು.
"ಲೆಕ್ಕ ಸರಿ ಉಂಟು. ಅಕ್ಷರ ಯಾರದ್ದು?"

ಹೇಳಲಿಕ್ಕೆ ಹೊರಟೆ. ಅಷ್ಟರಲ್ಲಿ ರಸ್ತೆಯ ಆಚೆ
ಹೂವಿನ ಬುಟ್ಟಿಯವಳು ಓಡಿ ಬರುವುದು ಕಂಡಿತು.
ವಿಸಿಲು ತುಟಿಯಲ್ಲಿ ಹಿಡಿದು ಊದದೆ ನಿಂತೆ,
ಅವಳು ಹತ್ತುವ ತನಕ.