ಕಥೆಯಿಲ್ಲದ ಚಿತ್ರ

ಭದ್ರಾವತಿಯ ಟೆಂಟಿನಲ್ಲಿ ಇಂಗ್ಲಿಷ್ ಚಿತ್ರಕ್ಕೆ
ಕನ್ನಡ ಹೇಳುತ್ತಿದ್ದವರು ಲಾಜರಸ್ ಮೇಷ್ಟ್ರು,
ಕೈಯಲ್ಲಿ ತಗಡಿನ ತುತ್ತೂರಿ.

ಆ ರಾತ್ರಿ ಬಂದದ್ದು ಬರೀ ತಾರೆಯರ ದಂಡು.
ಒಬ್ಬ ಮೆಟ್ಟಿಲ ಮೇಲೆ ಟಕಟಕ ಕುಣಿದು ಹೋದ,
ಒಬ್ಬಳು ಗರಿಯ ಬೀಸಣಿಗೆ ಸರಿಸಿ ನಕ್ಕು ಹೋದಳು,
ಐವತ್ತು ಕಾಲು ಒಟ್ಟಿಗೆ ಎದ್ದವು.
"ಇವಳು ಅವನ ಹೆಂಡ್ತಿಯಾ?" ನೆಲದ ಟಿಕೀಟಿನಿಂದ ಕೂಗು.
ಮೇಷ್ಟ್ರು ತಡವರಿಸಿದರು:
"ಇಲ್ಲಿ ಯಾರೂ ಯಾರಿಗೂ ಏನೂ ಅಲ್ಲ."

ಎರಡನೇ ಪಾಳಿ ಮುಗಿಸಿ ಬಂದ ಕುಲುಮೆಯ ಚೌಡಯ್ಯ
ಬೀಡಿ ಆರಿಸಿದ.
"ಹಿಂದಿನ ಸಾಲಲ್ಲಿ ಮೂರನೆಯವಳು,
ಹೆಜ್ಜೆ ತಪ್ಪಿ ಪಕ್ಕದವಳನ್ನ ನೋಡ್ತಾಳಲ್ಲ,
ಅವಳ ಕಥೆ ಹೇಳಿ ಮೇಷ್ಟ್ರೇ."

ತುತ್ತೂರಿ ಕೆಳಗಿಳಿಯಿತು.

ಮರುದಿನದ ಆಟದಲ್ಲೂ ಅವಳು ಅಲ್ಲೇ ತಪ್ಪಿದಳು.
ಅದಕ್ಕೇ ಕಾದಿದ್ದೆ ನಾನು,
ರೀಲು ಸುತ್ತುವ ಹುಡುಗ.